ನೆನಪಿನ ಅರ್ಧಾಯು

ನಲವತ್ತು ದಾಟಿದ ಮೇಲೆ ಹೊಸದಾಗಿ ಏನನ್ನಾದರೂ ಕಲಿಯಲು ಕೂತರೆ ಸುತ್ತಲಿನವರು ಕೇಳುವುದು ಒಂದೇ ಪ್ರಶ್ನೆ: ಇದರಿಂದ ಏನು ಉಪಯೋಗ? ನಮ್ಮ ಐಟಿ ಕಸುಬಿನಲ್ಲಿ ಇದಕ್ಕೆ ಸಿದ್ಧ ಉತ್ತರಗಳಿವೆ. ಕ್ಲೌಡ್ ಕಲಿತರೆ ಸರ್ಟಿಫಿಕೇಟು, ಎಐ ಕಲಿತರೆ ಕೆಲಸ ಉಳಿದೀತು ಎಂಬ ನಂಬಿಕೆ, ಮ್ಯಾನೇಜ್‌ಮೆಂಟ್ ಕೋರ್ಸು ಮುಗಿಸಿದರೆ ಅಪ್ರೈಸಲ್‌ನಲ್ಲಿ ಬರೆಯಲು ಒಂದು ಸಾಲು. ನಾನು ಕಲಿಯಲು ಕೂತದ್ದು ನ್ಯೂಕ್ಲಿಯರ್ ಫಿಸಿಕ್ಸ್. ಟೀಮಿನ ಹುಡುಗರು ನಕ್ಕರು. ಶಿರಸಿಯಿಂದ ಫೋನಿನಲ್ಲಿ ಅಮ್ಮ ನೇರವಾಗಿಯೇ ಕೇಳಿದಳು: "ಅಣುಬಾಂಬಿನ ಪಾಠ ಕಲಿತು ಎಂತ ಮಾಡ್ತೀಯೋ?"

ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಒಂದು ಉತ್ತರ ಇದೆ ಅನ್ನಿಸುತ್ತಿದೆ. ಆದರೆ ಅದು ಉಪಯೋಗದ ಬಗ್ಗೆ ಅಲ್ಲ, ಹೊಣೆಯ ಬಗ್ಗೆ. ಅದನ್ನು ಹೇಳುವುದಕ್ಕೇ ಈ ಬರಹ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್, ಎಂಟೆಕ್ ತನಕ. ಭೌತವಿಜ್ಞಾನದ ಸಹವಾಸ ಇಂಜಿನಿಯರಿಂಗ್‌ನ ಮೊದಲ ವರ್ಷಕ್ಕೇ ಮುಗಿದಿತ್ತು. ನೋಯ್ಡಾದಿಂದ ಗುರುಗ್ರಾಮಕ್ಕೆ ಮೆಟ್ರೊದಲ್ಲಿ ಹೋಗಿ ಬರುವವರಿಗೆ ಮಾತ್ರ ಗೊತ್ತಿರುವ ಸವಲತ್ತೊಂದಿದೆ. ಬ್ಲೂ ಲೈನ್, ಆಮೇಲೆ ರಾಜೀವ್ ಚೌಕದ ನೂಕುನುಗ್ಗಲು, ಆಮೇಲೆ ಯೆಲ್ಲೊ ಲೈನ್; ಎಲ್ಲ ಸೇರಿ ದಿನಕ್ಕೆ ಎರಡೂವರೆ ತಾಸು ಯಾರೂ ನಮ್ಮನ್ನು ಏನೂ ಕೇಳುವುದಿಲ್ಲ. ಆ ಸಮಯದಲ್ಲಿ ಎನ್‌ಪಿಟಿಇಎಲ್‌ನಲ್ಲಿರುವ ಐಐಟಿ ಕಾನ್ಪುರದ ಪ್ರೊಫೆಸರ್ ಎಚ್. ಸಿ. ವರ್ಮಾ ಅವರ ಉಪನ್ಯಾಸಗಳನ್ನು ನೋಡತೊಡಗಿದೆ. ಪಿಯುಸಿಯಲ್ಲಿ 'ಕಾನ್ಸೆಪ್ಟ್ಸ್ ಆಫ್ ಫಿಸಿಕ್ಸ್' ಪುಸ್ತಕ ತಿರುವಿದವರಿಗೆಲ್ಲ ಆ ಹೆಸರು ಗೊತ್ತು. ಪಾಠ ಬಿಟ್ಟಿ. ಪರೀಕ್ಷೆ ಬರೆಯಲೇಬೇಕೆಂದಿಲ್ಲ. ಅರ್ಥವಾಗದಿದ್ದರೆ ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಬಹುದು. ಕ್ಲಾಸಿನಲ್ಲಿ ಕೂತು ಕಲಿತ ನಮ್ಮ ತಲೆಮಾರಿಗೆ ಈ 'ಇನ್ನೊಮ್ಮೆ' ಅನ್ನುವುದು ಸಣ್ಣ ಭಾಗ್ಯವಲ್ಲ.

ಕಲಿತದ್ದರಲ್ಲಿ ಎರಡು ಸಂಗತಿಗಳು ತಲೆಯಲ್ಲಿ ಕೂತುಬಿಟ್ಟವು.

ಮೊದಲನೆಯದು ಅಳತೆಯದ್ದು. ಇದ್ದಿಲು ಉರಿಯುವಾಗ ಒಂದು ಕಾರ್ಬನ್ ಪರಮಾಣು ಆಮ್ಲಜನಕದೊಂದಿಗೆ ಸೇರಿ ಕೊಡುವ ಶಕ್ತಿ ಸುಮಾರು 4 ಎಲೆಕ್ಟ್ರಾನ್ ವೋಲ್ಟ್. ಒಂದು ಯುರೇನಿಯಂ-235 ಬೀಜಕಣ ಒಡೆದಾಗ ಸಿಗುವುದು ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್. ಅಂದರೆ ಹತ್ತಿರ ಹತ್ತಿರ 5 ಕೋಟಿ ಪಟ್ಟು. ನಮ್ಮ ಒಲೆ, ಇಂಜಿನ್ನು, ಪಟಾಕಿ, ನಮ್ಮದೇ ಜೀರ್ಣಕ್ರಿಯೆ, ಇವೆಲ್ಲ ಪರಮಾಣುವಿನ ಹೊರಜಗಲಿಯಲ್ಲಿ ನಡೆಯುವ ವ್ಯವಹಾರ. ಒಳಮನೆಯ ಲೆಕ್ಕವೇ ಬೇರೆ. ನಮ್ಮ ಕಣ್ಣು, ಮೂಗು, ಚರ್ಮ ಎಲ್ಲ ಹೊರಜಗಲಿಯ ಸುದ್ದಿಯನ್ನಷ್ಟೇ ತಿಳಿಯುವಂತೆ ಬೆಳೆದಿವೆ. ಒಳಮನೆಯಿಂದ ಏನಾದರೂ ಹೊರಬಂದರೆ ನಮಗೆ ಬಿಸಿಯೂ ತಟ್ಟುವುದಿಲ್ಲ, ವಾಸನೆಯೂ ಬರುವುದಿಲ್ಲ.

ಎರಡನೆಯದು ಅರ್ಧಾಯು. ಕೋಬಾಲ್ಟ್-60ರ ಅರ್ಧಾಯು 5.27 ವರ್ಷ ಅಂದರೆ, ಇಂದು ಒಂದು ರಾಶಿ ಇದ್ದರೆ 5.27 ವರ್ಷದ ನಂತರ ಅದರಲ್ಲಿ ಅರ್ಧದಷ್ಟು ಪರಮಾಣುಗಳು ಕ್ಷಯಿಸಿ ನಿಕ್ಕಲ್ ಆಗಿರುತ್ತವೆ. ಮತ್ತೆ ಅಷ್ಟೇ ಕಾಲದಲ್ಲಿ ಉಳಿದ ಅರ್ಧದ ಅರ್ಧ. ಇದು ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೇ. ಆಗ ಹೊಳೆಯದ್ದು ಒಂದಿತ್ತು: ಈ ಪರಮಾಣುಗಳಿಗೆ ಮುಪ್ಪಿಲ್ಲ. ನಿನ್ನೆ ತಯಾರಾದ ಕೋಬಾಲ್ಟ್-60 ಪರಮಾಣುವಿಗೂ ನಲವತ್ತು ವರ್ಷ ಸುಮ್ಮನೆ ಕೂತ ಪರಮಾಣುವಿಗೂ ಮುಂದಿನ 5.27 ವರ್ಷದಲ್ಲಿ ಕ್ಷಯಿಸುವ ಸಾಧ್ಯತೆ ಒಂದೇ, ಅರ್ಧಕ್ಕರ್ಧ. ಎಷ್ಟು ಕಾದಿದ್ದೇನೆ ಎಂಬ ಲೆಕ್ಕ ಅದರ ಬಳಿ ಇಲ್ಲ. ಸುಸ್ತಾಗುವುದಿಲ್ಲ, ತುಕ್ಕು ಹಿಡಿದು ಸತ್ವ ಕಳೆದುಕೊಳ್ಳುವುದಿಲ್ಲ, ಮೂಲೆಯಲ್ಲಿಟ್ಟು ಮರೆತರೆ ಅದೂ ನಮ್ಮನ್ನು ಮರೆಯುತ್ತದೆ ಅನ್ನುವ ಹಾಗಿಲ್ಲ.

ಈ ಎರಡು ಸಂಗತಿಗಳು ಒಟ್ಟಿಗೆ ಸೇರಿ ಏನು ಮಾಡಬಲ್ಲವು ಎನ್ನುವುದಕ್ಕೆ ದೆಹಲಿಯಲ್ಲಿರುವ ನಾವು ಚೆರ್ನೋಬಿಲ್‌ಗೋ ಫುಕುಶಿಮಾಕ್ಕೋ ಹೋಗಬೇಕಿಲ್ಲ. ವಿಶ್ವವಿದ್ಯಾಲಯ ಮೆಟ್ರೊ ನಿಲ್ದಾಣದಿಂದ ಮಾಯಾಪುರಿ ನಿಲ್ದಾಣಕ್ಕೆ ಹೋದರೆ ಸಾಕು. ಒಂದು ತಾಸಿನೊಳಗಿನ ದಾರಿ.

ಮಾಯಾಪುರಿ ಪಶ್ಚಿಮ ದೆಹಲಿಯ ದೊಡ್ಡ ಗುಜರಿ ಪೇಟೆ. ಹಳೆಯ ಗಾಡಿಗಳ ಇಂಜಿನ್ನು, ಗೇರ್‌ಬಾಕ್ಸು, ಮುರಿದ ಯಂತ್ರಗಳು, ಎಲ್ಲ ಅಲ್ಲಿ ಬಿಡಿಬಿಡಿಯಾಗಿ, ಕಬ್ಬಿಣ ತಾಮ್ರ ಸೀಸ ಎಂದು ಬೇರೆಬೇರೆಯಾಗಿ, ತೂಕಕ್ಕೆ ಮಾರಾಟವಾಗುತ್ತವೆ. 2010ರ ಏಪ್ರಿಲ್‌ನಲ್ಲಿ ಅಲ್ಲಿಯ ಗುಜರಿ ವ್ಯಾಪಾರಿಗಳು ಮತ್ತು ಕೆಲಸಗಾರರಲ್ಲಿ ಕೆಲವರು ಆಸ್ಪತ್ರೆ ಸೇರಿದರು. ಚರ್ಮ ಕಪ್ಪಾಗಿತ್ತು, ಕೂದಲು ಉದುರುತ್ತಿತ್ತು, ರಕ್ತಕಣಗಳು ಕುಸಿದಿದ್ದವು. ಅವರ ಕೈಗೆ ಬಂದಿದ್ದ ಲೋಹ ಕೋಬಾಲ್ಟ್-60 ಎಂದು ಗೊತ್ತಾಗಲು ಪರಮಾಣು ವಿಜ್ಞಾನಿಗಳೇ ಬರಬೇಕಾಯಿತು. ಮೂಲ ಹುಡುಕುತ್ತ ಹೋದಾಗ ಜಾಡು ನಿಂತದ್ದು ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ. ಅಲ್ಲಿ ಗಾಮಾಸೆಲ್ ಎಂಬ ಯಂತ್ರವಿತ್ತು. 1968ರಲ್ಲಿ ಕೆನಡಾದಿಂದ ಬಂದದ್ದು. ದಪ್ಪ ಸೀಸದ ಕವಚ, ಒಳಗೆ ಪೆನ್ಸಿಲ್‌ನಂಥ ಕೋಬಾಲ್ಟ್ ಕಡ್ಡಿಗಳು; ನಡುವೆ ಮಾದರಿಯನ್ನು ಇಳಿಸಿದರೆ ಅದರ ಮೇಲೆ ಗಾಮಾ ಕಿರಣ ಬೀಳುತ್ತದೆ. 1985ರಿಂದ ಅದನ್ನು ಯಾರೂ ಬಳಸಿರಲಿಲ್ಲ. 2010ರ ಫೆಬ್ರುವರಿಯಲ್ಲಿ ಬೇಡದ ಸಾಮಾನೆಂದು ಹರಾಜಾಯಿತು. ಗುಜರಿಯಲ್ಲಿ ಸೀಸಕ್ಕೆ ಬೆಲೆಯಿದೆ. ಬಿಚ್ಚಿದರು, ಒಡೆದರು, ಒಳಗಿನ ಹೊಳೆಯುವ ಲೋಹವನ್ನು ಕತ್ತರಿಸಿದರು. ಒಬ್ಬ ವ್ಯಾಪಾರಿ ಒಂದು ತುಂಡನ್ನು ಪರ್ಸಿನಲ್ಲಿಟ್ಟುಕೊಂಡಿದ್ದ. ಏಪ್ರಿಲ್ ಕೊನೆಗೆ ಒಬ್ಬ ಕೆಲಸಗಾರ ತೀರಿಕೊಂಡ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ಏಳು ಮಟ್ಟಗಳ ಮಾಪಕದಲ್ಲಿ ಈ ಘಟನೆಗೆ ನಾಲ್ಕನೆಯ ಮಟ್ಟ ಸಿಕ್ಕಿತು.

ಈಗ ಲೆಕ್ಕ ಮಾಡೋಣ. ಯಂತ್ರದ ಜೊತೆ ಬಂದ ಕೋಬಾಲ್ಟೇ ಅದರಲ್ಲಿತ್ತು ಎಂದಿಟ್ಟುಕೊಂಡರೆ, 1968ರಿಂದ 2010ಕ್ಕೆ 42 ವರ್ಷ, ಸರಿಸುಮಾರು ಎಂಟು ಅರ್ಧಾಯು. ಅರ್ಧದ ಅರ್ಧ ಮಾಡುತ್ತ ಎಂಟು ಸಲ ಹೋದರೆ ಉಳಿಯುವುದು 256ರಲ್ಲಿ ಒಂದು ಪಾಲು. ಮೊದಲ ಸಲ ಈ ಲೆಕ್ಕ ಮಾಡಿದಾಗ ಮೆಟ್ರೊದಲ್ಲಿ ನನ್ನ ನಿಲ್ದಾಣ ದಾಟಿಹೋಗಿತ್ತು. ಶೇಕಡಾ ತೊಂಬತ್ತೊಂಬತ್ತೂವರೆಗಿಂತ ಹೆಚ್ಚು ಕರಗಿ ಹೋದ ಮೇಲೆ ಉಳಿದ ಚೂರೇ ಒಂದು ಜೀವ ತೆಗೆಯಿತು.

ಆದರೆ ಅದೇ 42 ವರ್ಷದಲ್ಲಿ ಇನ್ನೊಂದು ವಸ್ತುವೂ ಕ್ಷಯಿಸುತ್ತಿತ್ತು: ಆ ಯಂತ್ರದೊಳಗೆ ಏನಿದೆ ಎಂಬ ನೆನಪು. ತರಿಸಿದವರಿಗೆ ಗೊತ್ತಿತ್ತು, ಬಳಸಿದವರಿಗೆ ಗೊತ್ತಿತ್ತು. ಅವರು ನಿವೃತ್ತರಾದರು. ಕೋಣೆ ಬದಲಾಯಿತು, ಬೀಗದ ಕೈ ಬದಲಾಯಿತು, ಕಡತ ಎಲ್ಲೋ ಸೇರಿತು. ಕೊನೆಗೆ ಅದು ಜಾಗ ಹಿಡಿದ ಹಳೆಯ ಯಂತ್ರ ಮಾತ್ರವಾಗಿ ಉಳಿಯಿತು. ಕೋಬಾಲ್ಟಿನಲ್ಲಿ 256ರಲ್ಲಿ ಒಂದು ಪಾಲು ಉಳಿದಿತ್ತು, ನೆನಪಿನಲ್ಲಿ ಹರಾಜನ್ನು ತಡೆಯುವಷ್ಟೂ ಉಳಿದಿರಲಿಲ್ಲ. ವಸ್ತುವಿನ ಅರ್ಧಾಯುವಿಗಿಂತ ನೆನಪಿನ ಅರ್ಧಾಯು ಚಿಕ್ಕದಾದಾಗ ಅಪಾಯ ಹುಟ್ಟುತ್ತದೆ ಎಂದು ನನಗನ್ನಿಸುತ್ತದೆ.

ಇಲ್ಲಿ ನೈತಿಕ ಪ್ರಶ್ನೆ ಎದುರಾಗುತ್ತದೆ. ಇಂಥ ಘಟನೆಯಲ್ಲಿ ಎಲ್ಲರೂ ಹೇಳಬಹುದಾದ ಮಾತು ಒಂದೇ, 'ನನಗೆ ಗೊತ್ತಿರಲಿಲ್ಲ'. ಎಲ್ಲರೂ ನಿಜವನ್ನೇ ಹೇಳುತ್ತಿರಬಹುದು. ಆದರೆ ಎಲ್ಲರ 'ಗೊತ್ತಿರಲಿಲ್ಲ'ದ ತೂಕವೂ ಒಂದೇನಾ?

ಮಾಯಾಪುರಿಯ ಕೆಲಸಗಾರನ 'ಗೊತ್ತಿರಲಿಲ್ಲ' ಒಂದು ಬಗೆ. ಅವನ ಕೈಯಲ್ಲಿ ತಕ್ಕಡಿ ಇತ್ತು, ಆಯಸ್ಕಾಂತ ಇತ್ತು, ಗ್ಯಾಸ್ ಕಟರ್ ಇತ್ತು. ಲೋಹ ಕಬ್ಬಿಣವೋ ಅಲ್ಲವೋ, ಎಷ್ಟು ತೂಗುತ್ತದೆ, ಎಷ್ಟಕ್ಕೆ ಹೋಗುತ್ತದೆ ಎಂದು ಹೇಳಲು ಅವಷ್ಟು ಸಾಕು. ಒಳಮನೆಯ ಸುದ್ದಿ ಹೇಳುವ ಉಪಕರಣ ಅವನ ಬಳಿ ಇರಲಿಲ್ಲ, ಇರಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಹರಾಜಿನ ಕಾಗದಕ್ಕೆ ಸಹಿ ಹಾಕುವ ಯಾವುದೇ ಗುಮಾಸ್ತನ 'ಗೊತ್ತಿರಲಿಲ್ಲ' ಇನ್ನೊಂದು ಬಗೆ. ಅವನಿಗೂ ಗೊತ್ತಿರುವುದಿಲ್ಲ, ಆದರೆ ಕೇಳಬಹುದಿತ್ತು. ಕೇಳಲು ಅದೇ ಆವರಣದಲ್ಲಿ ಜನರಿರುತ್ತಾರೆ. ಮೂರನೆಯದು, ಒಂದು ಕಾಲದಲ್ಲಿ ಗೊತ್ತಿದ್ದು, ಮುಂದಿನವರಿಗೆ ದಾಟದೇ ಹೋದ ತಿಳಿವಳಿಕೆ. ಇದನ್ನು ಒಬ್ಬ ವ್ಯಕ್ತಿಯ ತಲೆಗೆ ಕಟ್ಟುವುದು ಕಷ್ಟ, ನ್ಯಾಯವೂ ಅಲ್ಲ. ಇದು ಕೈಯಿಂದ ಕೈಗೆ ದಾಟುವಾಗ ನಡುವೆ ಬಿದ್ದುಹೋದದ್ದು.

ನಮ್ಮಲ್ಲಿ 'ಮಾಡಿದ್ದುಣ್ಣೋ ಮಹಾರಾಯ' ಅನ್ನುತ್ತಾರೆ. ನ್ಯಾಯದ ಬಗ್ಗೆ ಹಳ್ಳಿಯವರಿಗಿರುವ ನಂಬಿಕೆ ಅದರಲ್ಲಿದೆ. ಇಲ್ಲಿ ಆ ಗಾದೆ ಕೆಲಸ ಮಾಡುವುದಿಲ್ಲ. ಮಾಡಿದವರು ಒಬ್ಬರು, ಮರೆತವರು ಇನ್ನೊಬ್ಬರು, ಉಂಡವರು ಮೂರನೆಯವರು. ನೀರು ತಗ್ಗಿಗೆ ಹರಿಯುವ ಹಾಗೆ ಮರೆತುಹೋದ ಅಪಾಯ ಸಮಾಜದ ಕೆಳಮೆಟ್ಟಿಲಿಗೆ ಹರಿಯುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಆದದ್ದೂ ಇದೇ. ಖಾಲಿ ಬಿದ್ದ ಚಿಕಿತ್ಸಾಲಯದಲ್ಲಿ ಉಳಿದಿದ್ದ ಕ್ಯಾನ್ಸರ್ ಚಿಕಿತ್ಸೆಯ ಯಂತ್ರ, ಅದನ್ನು ಬಿಚ್ಚಿದ ಬಡವರು, ಗುಜರಿ ಅಂಗಡಿ, ಕತ್ತಲಲ್ಲಿ ನೀಲಿಯಾಗಿ ಹೊಳೆದ ಸೀಸಿಯಂ-137 ಪುಡಿ. ನಾಲ್ವರು ಸತ್ತರು, ಅದರಲ್ಲೊಬ್ಬಳು ಆರು ವರ್ಷದ ಹುಡುಗಿ. ಎರಡು ಖಂಡ, ಎರಡು ಭಾಷೆ, ಒಂದೇ ದಾರಿ: ಪ್ರಯೋಗಾಲಯ ಅಥವಾ ಆಸ್ಪತ್ರೆಯಿಂದ ಗುಜರಿಗೆ.

ನಮ್ಮ ಕಸುಬಿನವರಿಗೆ ಈ ಕೈದಾಟಿಸುವ ಕೆಲಸ ಗೊತ್ತಿಲ್ಲದ್ದೇನಲ್ಲ. ಯಾರಾದರೂ ಪ್ರಾಜೆಕ್ಟ್ ಬಿಟ್ಟು ಹೋಗುವಾಗ 'ಕೆಟಿ' ಎಂಬ ಶಾಸ್ತ್ರ ನಡೆಯುತ್ತದೆ. ನಾಲ್ಕು ಮೀಟಿಂಗು, ಒಂದು ಡಾಕ್ಯುಮೆಂಟು, ಕೊನೆಯ ದಿನ ಕೇಕು. ಹೋಗುವವರ ಮನಸ್ಸು ಆಗಲೇ ಹೊಸ ಆಫೀಸಿನಲ್ಲಿರುತ್ತದೆ, ಬಂದವರಿಗೆ ಏನು ಕೇಳಬೇಕೆಂಬುದೇ ಗೊತ್ತಿರುವುದಿಲ್ಲ. ಡಾಕ್ಯುಮೆಂಟಿನಲ್ಲಿ ಹೇಗೆ ನಡೆಸಬೇಕು ಎಂದು ಬರೆದಿರುತ್ತದೆ. ಯಾವುದನ್ನು ಮುಟ್ಟಬಾರದು, ಯಾಕೆ ಮುಟ್ಟಬಾರದು ಎಂಬುದು ಹೋಗುವವರ ತಲೆಯಲ್ಲೇ ಹೋಗುತ್ತದೆ. ನಮ್ಮಲ್ಲಿ ಇದರಿಂದ ಒಂದು ರಾತ್ರಿ ಸರ್ವರ್ ಬಿದ್ದು ಗಿರಾಕಿ ಕೂಗಾಡುತ್ತಾನೆ, ಅಷ್ಟೇ. ಮರೆವಿಗೆ ತೆರುವ ಬೆಲೆ ಹಣದಲ್ಲಿ ಮುಗಿಯುವ ಕಡೆ ಇರುವುದು ನಮ್ಮ ಅದೃಷ್ಟ.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಹಾಗಾದರೆ ಊರವರೆಲ್ಲ ನ್ಯೂಕ್ಲಿಯರ್ ಫಿಸಿಕ್ಸ್ ಕಲಿಯಬೇಕೆ? ವಿಮಾನದಲ್ಲಿ ಕೂರುವವರೆಲ್ಲ ಹಾರಿಸಲು ಕಲಿತಿರುವುದಿಲ್ಲ. ತಜ್ಞರಿದ್ದಾರೆ, ನಿಯಮವಿದೆ, ಎಚ್ಚರಿಕೆಯ ಚೀಟಿ ಅಂಟಿಸಿದರೆ ಸಾಲದೆ?

ತೂಕವಿರುವ ಆಕ್ಷೇಪಣೆ ಇದು. ಎಲ್ಲರೂ ಎಲ್ಲವನ್ನೂ ಕಲಿಯಲಾಗುವುದಿಲ್ಲ ಎನ್ನುವುದು ನಿಜ, ಒಬ್ಬರನ್ನೊಬ್ಬರು ನಂಬಿಯೇ ನಾವು ಬದುಕುವುದು. ಆದರೆ ಚೀಟಿಯ ಕಥೆ ಅಷ್ಟು ಸುಲಭದ್ದಲ್ಲ. ವಿಕಿರಣದ ಗುರುತಾದ ಮೂರು ಎಸಳಿನ ಚಿಹ್ನೆ ನಮಗೆ ಪುಸ್ತಕದಿಂದ ಗೊತ್ತು. ಕಲಿಯದವನಿಗೆ ಅದು ಫ್ಯಾನಿನ ರೆಕ್ಕೆಯ ಚಿತ್ರ. ಅದಕ್ಕೇ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇನ್ನೊಂದು ಚಿಹ್ನೆಯನ್ನು ತಂದಿತು: ಕೆಂಪು ಹಿನ್ನೆಲೆ, ಮೇಲಿನಿಂದ ಬರುವ ಕಿರಣಗಳು, ಒಂದು ತಲೆಬುರುಡೆ, ಓಡಿಹೋಗುತ್ತಿರುವ ಮನುಷ್ಯ. 11 ದೇಶಗಳ ಜನರಿಗೆ, ಮಕ್ಕಳಿಗೆ, ಓದುಬರಹ ಇಲ್ಲದವರಿಗೆ ತೋರಿಸಿ ನೋಡಿ ಆರಿಸಿದ ಚಿತ್ರ. ಯಂತ್ರವನ್ನು ಬಿಚ್ಚಲು ಹೊರಟವನಿಗೆ ಕಾಣುವಂತೆ ಮೂಲದ ಹತ್ತಿರವೇ ಅದನ್ನು ಅಂಟಿಸಬೇಕೆಂಬುದು ಉದ್ದೇಶ. ತಮ್ಮ ತಿಳಿವಳಿಕೆ ಕೊನೆಗೆ ತಲುಪಬೇಕಾದದ್ದು ಒಂದು ಪಾಠವನ್ನೂ ಕೇಳಿರದ ಮನುಷ್ಯನಿಗೆ ಎಂದು ಒಪ್ಪಿಕೊಂಡ ತಜ್ಞರು ಮಾಡಿದ ಕೆಲಸ ಇದು. ನನಗೆ ಅದು ಆ ಇಡೀ ವಿಜ್ಞಾನದ ಅತ್ಯಂತ ವಿನಯದ ಕ್ಷಣವಾಗಿ ಕಾಣುತ್ತದೆ.

ಚೀಟಿಗೂ ಆಯುಸ್ಸಿದೆ. ಪ್ಲುಟೋನಿಯಂ-239ರ ಅರ್ಧಾಯು ಸುಮಾರು 24,100 ವರ್ಷ. ನಾವು ಕನ್ನಡಿಗರು ಹೆಮ್ಮೆಪಡುವ ಹಲ್ಮಿಡಿ ಶಾಸನಕ್ಕೆ ಹೆಚ್ಚೆಂದರೆ ಸಾವಿರದ ಆರುನೂರು ವರ್ಷ. ಕಲ್ಲಿನಲ್ಲಿ ಕೊರೆದ, ನಮ್ಮದೇ ಭಾಷೆಯ ಆ ಸಾಲುಗಳನ್ನು ಇಂದು ನಿಮ್ಮಲ್ಲಿ ಎಷ್ಟು ಜನ ಓದಬಲ್ಲಿರಿ? ನನ್ನಿಂದಂತೂ ಆಗದು. ನಡುವೆ ಶಾಸನತಜ್ಞರು ಬೇಕು. ಅಂಥ ಹದಿನೈದು ಹಲ್ಮಿಡಿಗಳನ್ನು ಒಂದರ ಹಿಂದೊಂದು ಇಟ್ಟಷ್ಟು ಕಾಲ ಕಳೆದರೂ ಪ್ಲುಟೋನಿಯಂ ಅರ್ಧ ಉಳಿದಿರುತ್ತದೆ. ಕಲ್ಲಾಗಲಿ ಚೀಟಿಯಾಗಲಿ ಸ್ವತಃ ನೆನಪಲ್ಲ. ಅದನ್ನು ಓದಿ ಹೇಳುವ ಜನರ ಸಾಲು ತುಂಡಾಗದೇ ಇದ್ದರೆ ಮಾತ್ರ ಅದು ನೆನಪು.

ಅಮ್ಮನ ಪ್ರಶ್ನೆಗೆ ಇಲ್ಲಿಂದ ಉತ್ತರ ಸಿಗುತ್ತದೆ. ಅಮ್ಮನ ಜಿಲ್ಲೆಯಲ್ಲಿ 'ಅಣು' ಅಂದರೆ ಕೈಗಾ. ಎಂಬತ್ತರ ದಶಕದ ಕೊನೆಯಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಅದರದ್ದೇ ವಾದ. ದೊಡ್ಡಪ್ಪ ವಿರೋಧಿ: ಕಾಳಿ ನದಿ ಹಾಳಾಗುತ್ತದೆ, ಮಕ್ಕಳು ಕುರುಡಾಗಿ ಹುಟ್ಟುತ್ತವೆ. ಸೋದರಮಾವ ಪರ: ಕರೆಂಟು ಬರುತ್ತದೆ, ಹುಡುಗರಿಗೆ ಕೆಲಸ ಸಿಗುತ್ತದೆ. ಇಬ್ಬರೂ ಜೋರಾಗಿ ಮಾತಾಡುತ್ತಿದ್ದರು. ರಿಯಾಕ್ಟರ್ ಒಳಗೆ ಏನು ನಡೆಯುತ್ತದೆ ಎಂಬ ಮಾತು ಇಬ್ಬರ ಬಾಯಲ್ಲೂ ಬಂದದ್ದು ನೆನಪಿಲ್ಲ. ಆಮೇಲೆ ನಡೆದ ಸಂಗತಿಗಳು ಇಬ್ಬರಿಗೂ ಪೂರ್ತಿ ಹಿಡಿಸುವಂಥವಲ್ಲ. 1994ರ ಮೇನಲ್ಲಿ ಕಟ್ಟುತ್ತಿದ್ದಾಗಲೇ ಅಲ್ಲಿಯ ಕಾಂಕ್ರೀಟ್ ಗುಮ್ಮಟದ ಒಳಪದರ ಕುಸಿಯಿತು. ಆಗಿನ್ನೂ ಇಂಧನ ತುಂಬಿರಲಿಲ್ಲ. ಅದೇ ಕೈಗಾದ ಒಂದನೇ ಘಟಕ 2018ರ ಕೊನೆಗೆ 962 ದಿನ ನಿಲ್ಲದೆ ನಡೆದು ಜಾಗತಿಕ ದಾಖಲೆಯನ್ನೂ ಮಾಡಿತು.

ಆ ಕಾಲದ ಒಬ್ಬರು ಮಾತ್ರ ನನಗೆ ಈಗ ಬೇರೆಯಾಗಿ ಕಾಣುತ್ತಾರೆ. ಶಿವರಾಮ ಕಾರಂತರು 1989ರಲ್ಲಿ, ಎಂಬತ್ತೇಳನೆಯ ವಯಸ್ಸಿನಲ್ಲಿ, ಕೈಗಾ ವಿರೋಧಿಸಿ ನಮ್ಮ ಜಿಲ್ಲೆಯಿಂದ ಲೋಕಸಭೆಗೆ ನಿಂತರು, ಸೋತರು. ಅವರ ನಿಲುವು ಸರಿಯೋ ತಪ್ಪೋ ಎಂಬ ಚರ್ಚೆ ಇದ್ದೇ ಇದೆ. ನಾನು ಗಮನಿಸುವುದು ಅನುಕ್ರಮವನ್ನು. ವಿರೋಧಿಸುವುದಕ್ಕೆ ಮೂರು ದಶಕ ಮೊದಲೇ ಅವರು ಕೂತು 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳನ್ನು ಕನ್ನಡದಲ್ಲಿ ಬರೆದಿದ್ದರು. ಮೊದಲು ತಾನು ತಿಳಿದು, ಊರವರಿಗೆ ಅವರ ಭಾಷೆಯಲ್ಲಿ ತಿಳಿಸಿ, ಆಮೇಲೆ ಜಗಳ. ಅಣುಶಕ್ತಿಯ ಇನ್ನೊಂದು ಬದಿಯಲ್ಲಿದ್ದ, 1974ರ ಪೋಖರಣ್ ಪರೀಕ್ಷೆಯನ್ನು ಮುನ್ನಡೆಸಿದ ರಾಜಾ ರಾಮಣ್ಣನವರೂ ತುಮಕೂರು ಕಡೆಯ ಕನ್ನಡಿಗರೇ. ಪರವೋ ವಿರೋಧವೋ, ತಿಳಿದವರು ನಮ್ಮಲ್ಲಿದ್ದರು. ಜಗಲಿಯ ತನಕ ಆ ತಿಳಿವಳಿಕೆ ಎಷ್ಟು ಬಂತು ಎನ್ನುವುದು ಪ್ರಶ್ನೆ.

ನಾನು ಮೆಟ್ರೊದಲ್ಲಿ ನೋಡಿದ ಪಾಠಗಳು ಇಂಗ್ಲಿಷಿನಲ್ಲಿವೆ. ಎದುರಿನ ಸೀಟಿನಲ್ಲಿ ಕೂತ ಹುಡುಗನ ಕೈಯಲ್ಲೂ ನನ್ನದರಂಥದ್ದೇ ಫೋನು, ಅಷ್ಟೇ ಡೇಟಾ. ಊರು ಬಿಟ್ಟು ದುಡಿಯಲು ಬಂದವರು ಇಬ್ಬರೂ. ಆದರೆ ಆ ಪಾಠ ನನಗೆ ಬಿಟ್ಟಿ, ಅವನಿಗೆ ಅಲ್ಲ. ಅದನ್ನು ಕೇಳಲು ಬೇಕಾದ ಭಾಷೆಗೂ ಹದಿನೆಂಟು ವರ್ಷದ ಓದಿಗೂ ನನ್ನ ಪರವಾಗಿ ಬೇರೆ ಯಾರೋ ದುಡ್ಡು ಕೊಟ್ಟಿದ್ದಾರೆ. ಹಾಗಾಗಿ ತಿಳಿದುಕೊಂಡದ್ದು ಪೂರ್ತಿ ನನ್ನ ಸ್ವಂತದ್ದು ಅನ್ನಿಸುವುದಿಲ್ಲ. ನಮ್ಮ ಕಡೆ ಬಾವಿ ಇರುವ ಮನೆಯವರು ಬೇಸಿಗೆಯಲ್ಲಿ ನೆರೆಯವರಿಗೆ ಹಗ್ಗ ಕೊಡವನ್ನೂ ಕೊಡುತ್ತಿದ್ದರು. ಅದನ್ನು ಯಾರೂ ದಾನ ಅನ್ನುತ್ತಿರಲಿಲ್ಲ. ಬಾವಿ ಇದ್ದವರು ಹಾಗೇ ಇರಬೇಕು, ಅಷ್ಟೇ.

ಹಾಗಾಗಿ ಅಮ್ಮನಿಗೆ ನನ್ನ ಉತ್ತರ ಇದು: ಕಲಿತು ನಾನು ಏನನ್ನೂ ಮಾಡುವುದಿಲ್ಲ. ಕಾಯುವವರ ಸಾಲಿನಲ್ಲಿ ಒಬ್ಬನಾಗಿ ನಿಲ್ಲುತ್ತೇನೆ. ಎಲ್ಲರೂ ಕಲಿಯಬೇಕಿಲ್ಲ, ಆದರೆ ಪ್ರತಿ ಕಚೇರಿಯಲ್ಲಿ, ಪ್ರತಿ ಬೀದಿಯಲ್ಲಿ 'ಒಳಗೇನಿದೆ?' ಎಂದು ಕೇಳುವಷ್ಟು ಗೊತ್ತಿರುವ ಒಬ್ಬರಾದರೂ ಇರಬೇಕು. ತಜ್ಞನಿಗೂ ಗುಜರಿಯವನಿಗೂ ನಡುವಿನ ಉದ್ದ ದಾರಿಯಲ್ಲಿ ಹೆಚ್ಚಿನ ಕೈಗಳು ನಮ್ಮಂಥವರವೇ.

ಕೇಳುವುದು ಎಷ್ಟು ಸಣ್ಣ ಕೆಲಸ ಎಂಬುದಕ್ಕೆ ಒಂದು ಉದಾಹರಣೆ. ಹೋದ ವರ್ಷ ನಮ್ಮ ಆಫೀಸು ಒಂದು ಮಹಡಿಯನ್ನು ಬಿಟ್ಟುಕೊಟ್ಟಿತು. ಗುಜರಿಗೆ ಹೋಗುವ ಸಾಮಾನಿನ ಪಟ್ಟಿ ನನ್ನ ಬಳಿ ಸಹಿಗೆ ಬಂತು: ಕುರ್ಚಿ, ಮಾನಿಟರು, ಕೇಬಲ್ಲು, ಹೊಗೆ ಪತ್ತೆ ಮಾಡುವ ಸ್ಮೋಕ್ ಡಿಟೆಕ್ಟರುಗಳು. ಹಳೆಯ ಮಾದರಿಯ ಕೆಲವು ಸ್ಮೋಕ್ ಡಿಟೆಕ್ಟರುಗಳಲ್ಲಿ ಅಮೆರಿಸಿಯಂ-241 ಎಂಬ ವಿಕಿರಣ ವಸ್ತುವಿನ ಅತಿ ಸಣ್ಣ ಚೂರು ಇರುತ್ತದೆ, ಅರ್ಧಾಯು 432 ವರ್ಷ. ಗೋಡೆಯ ಮೇಲಿದ್ದಾಗ ಅದರಿಂದ ಭಯವಿಲ್ಲ. ರಾಶಿ ಹಾಕಿ ಒಡೆದು ಸುಡುವುದು ಬೇರೆ ಮಾತು. ಬೆಳಕಿನಿಂದ ಕೆಲಸ ಮಾಡುವ ಹೊಸ ಮಾದರಿಯಲ್ಲಿ ಅದು ಇರುವುದಿಲ್ಲ. ಇವು ಯಾವ ಮಾದರಿ ಎಂದು ಕೇಳಿದೆ. ಅಡ್ಮಿನ್‌ಗೆ ಗೊತ್ತಿರಲಿಲ್ಲ, ಕಟ್ಟಡದವರಿಗೆ ಗೊತ್ತಿರಲಿಲ್ಲ, ಹಾಕಿದ ಗುತ್ತಿಗೆದಾರ ಬದಲಾಗಿದ್ದ. ನಾಲ್ಕು ಫೋನ್ ಕರೆ, ಎರಡು ದಿನ. ಕೊನೆಗೆ ಒಂದನ್ನು ಇಳಿಸಿ ಹಿಂಬದಿಯ ಅಕ್ಷರ ಓದಿದಾಗ ಬೆಳಕಿನ ಮಾದರಿ ಎಂದು ಗೊತ್ತಾಯಿತು. ಒಳಗೆ ಏನೂ ಇರಲಿಲ್ಲ.

ಹುಡುಗರು ಮತ್ತೊಮ್ಮೆ ನಕ್ಕರು. ನಾನೂ ನಕ್ಕೆ. ಆದರೆ ಅಡ್ಮಿನ್ ಹುಡುಗಿ ಆ ಪಟ್ಟಿಯ ನಮೂನೆಯಲ್ಲಿ ಒಂದು ಕಾಲಂ ಹೆಚ್ಚು ಸೇರಿಸಿದ್ದಾಳೆ. ಸಾಮಾನಿನ ಹೆಸರು, ಸಂಖ್ಯೆ, ತೂಕ ಇವುಗಳ ಪಕ್ಕದಲ್ಲಿ ಈಗ 'ಒಳಗೇನಿದೆ, ಯಾರನ್ನು ಕೇಳಿದಿರಿ' ಎಂದಿದೆ. ಅವಳು ಕೆಲಸ ಬಿಡಬಹುದು, ನಾನೂ ಬಿಡಬಹುದು. ಕಾಲಂ ಇರುತ್ತದೆ.